ನನ್ನ ಐಸನ್ನು ಬಿಸಿಯೆನಿಸಿದ ಫ್ರೀಜರಿಗೆ

ಅಲೆವೂರು ರಸ್ತೆಯ ಮಕ್ಕಳ ಕಾಯಿಲೆಗಳ ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ, ಎಡಗಡೆಯ ಕೋಣೆಯಲ್ಲಿ, ಮೈನಸ್ ಎಂಬತ್ತು ಡಿಗ್ರಿಯಲ್ಲಿ ವಿರಾಜಮಾನರಾಗಿರುವ ಶ್ರೀ ಫ್ರೀಜರ್ ಅವರ ಸನ್ನಿಧಿಗೆ,

ಮಾನ್ಯರೇ,

ಮಲ್ಪೆಯಿಂದ ಉಮಾನಾಥನು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸೋಣವೆಂದರೆ, ಅದನ್ನು ತಮ್ಮ ಹಣೆಯ ಮೇಲಿನ ಕೆಂಪು ಅಂಕಿಗಳು ಸದಾ ಸಾರುತ್ತಿರುವುದರಿಂದ, ಮತ್ತು ಆ ಅಂಕಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ತಾವು ನನ್ನ ತಂಗಿಯ ಮೊಮ್ಮಗಳಿಗೆ ನೇರವಾಗಿ ಫೋನ್ ಮಾಡುವುದರಿಂದ, ಆ ಶಿಷ್ಟಾಚಾರವನ್ನು ಕೈಬಿಟ್ಟಿದ್ದೇನೆ. ನನ್ನ ಶಾಲೆ ಆರನೇ ತರಗತಿಗೆ ಮುಗಿದದ್ದು. ಉಳಿದ ವಿದ್ಯೆಯನ್ನೆಲ್ಲ ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ, ಕಂಪ್ರೆಸರಿನ ಜೊತೆಗೆ ಬಂದ ಇಂಗ್ಲಿಷ್ ಪುಸ್ತಕವನ್ನು ನಿಘಂಟು ಹಿಡಿದು ಓದಿ ಕಲಿತೆ. ನಲವತ್ತೊಂದು ವರ್ಷ ಆ ಬಂದರಿನ ಬಂಗುಡೆ, ಬೂತಾಯಿ ಮೀನುಗಳೆಲ್ಲ ನನ್ನ ಐಸಿನ ಮೇಲೆ ಭರವಸೆಯಿಟ್ಟು ಮಲಗಿದ್ದವು. ಆದ್ದರಿಂದ ನಾವಿಬ್ಬರೂ ಒಂದೇ ಕಸುಬಿನವರು ಎಂಬ ಸಲುಗೆಯಿಂದ, ಎಲ್ಲರೂ ಓದಲಿ ಎಂದೇ ಈ ಪತ್ರ.

ಆ ಮೊಮ್ಮಗಳು ಡಾ. ಪ್ರಣೀತಾ ನಮಗಿಂತ ಹೆಚ್ಚು ತಮಗೇ ಪರಿಚಿತಳು. ಮಕ್ಕಳ ಡಾಕ್ಟರಾಗಿ ಪಾಸಾದ ಮೇಲೆ ಅವಳು ವಾರದಲ್ಲಿ ಮೂರು ದಿನ ವಾರ್ಡಿನಲ್ಲಿ ಮಕ್ಕಳನ್ನು ನೋಡುವ, ಮೂರು ದಿನ ಆ ಮಕ್ಕಳಿಗೆ ಕಾಯಿಲೆ ಯಾಕೆ ಬಂತೆಂದು ಹುಡುಕುವ ತರಬೇತಿಗೆ ಸೇರಿದಳು. ಏಳನೆಯ ದಿನವನ್ನು ತಾವು ತೆಗೆದುಕೊಂಡಿರಿ. ಅವಳನ್ನು ಪಳಗಿಸುತ್ತಿರುವ ಡಾ. ವಿಲ್ಮಾ ಒಂದೇ ಪರೀಕ್ಷೆಯನ್ನು ಏಳು ಸಲ ಮಾಡಿಸುತ್ತಾರೆ, ಏಳೂ ಸಲ ಒಂದೇ ಉತ್ತರ ಬಂದರೆ, "ಇಷ್ಟು ಸರಿಯಾಗಿ ಬಂದದ್ದು ಯಾಕೆ?" ಎಂದು ಎಂಟನೆಯದನ್ನೂ ಮಾಡಿಸುತ್ತಾರೆ. ಕಾರ್ಕಳದಲ್ಲಿರುವ ನನ್ನ ತಂಗಿ ಕುಶಲಾ ಇದನ್ನೆಲ್ಲ ಎರಡು ವರ್ಷ ನೋಡಿ, "ಇದೆಂಥ ಡಾಕ್ಟ್ರು ಮಾರಾಯ, ಮಕ್ಕಳಿಗೆ ಮದ್ದು ಕೊಡುವುದು ಬಿಟ್ಟು ಕಪಾಟಿನ ಜ್ವರ ನೋಡುವುದು!" ಎಂದು ಹೇಳಿ, ಪೇಟೆಯಲ್ಲಿ ಕ್ಲಿನಿಕ್ಕಿಗೊಂದು ಕೋಣೆ ಗೊತ್ತು ಮಾಡಿ, ಬೋರ್ಡಿನ ಬಣ್ಣದ ಯೋಚನೆಗೂ ಇಳಿದಿದ್ದಳು. ಮುಂದಿನ ಮೂರು ವರ್ಷದ ತರಬೇತಿಗೆ ಬುಧವಾರದೊಳಗೆ ಸಹಿ ಹಾಕಬೇಕಿತ್ತು. ಪ್ರಣೀತಾ ಸೋತ ದನಿಯಲ್ಲಿ "ಆಯ್ತಜ್ಜಿ, ಬಿಡ್ತೇನೆ" ಎಂದುಬಿಟ್ಟಿದ್ದಳು.

ಹೋದ ಭಾನುವಾರ ಕುಶಲಳಿಗೆ ಎಪ್ಪತ್ತೈದು ತುಂಬಿದ ಊಟ. ಎಲೆಗೆ ಪಾಯಸ ಬೀಳುವುದಕ್ಕೂ ತಮ್ಮ ಫೋನ್ ಬರುವುದಕ್ಕೂ ಸರಿಹೋಯಿತು. ಇಂಥ ಸಮಯಪ್ರಜ್ಞೆ ನಮ್ಮ ನೆಂಟರಲ್ಲೂ ಕೆಲವರಿಗೆ ಮಾತ್ರ ಉಂಟು. ತಮ್ಮ ಕಂಪ್ರೆಸರ್ ನಿಂತಿತ್ತು. ಊಟದ ನಡುವೆ ಎಲೆ ಬಿಟ್ಟು ಏಳುವ ಕ್ರಮ ನಮ್ಮಲ್ಲಿಲ್ಲ, ಅವಳು ಎದ್ದಳು. ಕಂಪ್ರೆಸರ್ ಎಂಬ ಶಬ್ದ ಕೇಳಿದರೆ ನನ್ನ ಕಾಲುಗಳು ಈಗಲೂ ನನ್ನ ಅಪ್ಪಣೆಗೆ ಕಾಯುವುದಿಲ್ಲವಾದ್ದರಿಂದ ನಾನೂ ಎದ್ದೆ, ಕೈತೊಳೆಯುವಲ್ಲಿಂದಲೇ ಮಲ್ಪೆಗೆ ಫೋನ್ ಮಾಡಿ, ಇಪ್ಪತ್ತು ಬ್ಲಾಕ್ ಐಸನ್ನು ಕೂಡಲೇ ಅಲೆವೂರಿಗೆ ಕಳುಹಿಸಲು ಗುಟ್ಟಾಗಿ ಹೇಳಿ, ಅವಳ ಕಾರು ಹತ್ತಿದೆ.

ದಾರಿಯಲ್ಲಿ ಅವಳು ಹೇಳಿದ್ದಿಷ್ಟು. ತಮ್ಮ ಹೊಟ್ಟೆಯಲ್ಲಿ ಮುನ್ನೂರ ಹನ್ನೆರಡು ಮಕ್ಕಳ ರಕ್ತ ಉಂಟು. ಮೂತ್ರಪಿಂಡದ ಕಾಯಿಲೆಯಿಂದ ಮುಖ, ಕಾಲು ಬಾತು ಬಂದ ಮಕ್ಕಳು. ಯಾರಿಗೆ ಮದ್ದು ನಾಟುತ್ತದೆ, ಯಾರಿಗೆ ನಾಟುವುದಿಲ್ಲ ಎಂಬುದು ಆ ರಕ್ತದಿಂದ ಗೊತ್ತಾಗಬೇಕು. ತಮ್ಮ ಅಂಕಿ ಮೈನಸ್ ಅರವತ್ತಕ್ಕೆ ಏರಿದರೆ ಎಲ್ಲವೂ ಹಾಳು. "ಪುನಃ ತೆಗೆದರಾಯಿತಲ್ಲ?" ಎಂದೆ. "ಮೊದಲ ಮಾತ್ರೆ ನುಂಗುವ ಮುಂಚಿನ ರಕ್ತ ಅಜ್ಜ ಅದು. ನುಂಗಿಯಾಯ್ತು. ಇನ್ನು ಎಲ್ಲಿಂದ ತರುವುದು?" ಎಂದಳು. ಉಡುಪಿ ಹತ್ತಿರವಾದಾಗ, ಕಾಪುವಿನ ಕಡೆಯ ಒಬ್ಬಳು ತಾಯಿ, ಹೆಸರು ಹೇಳಬಾರದಂತೆ, ಮಗುವಿನ ಕೈ ಹಿಡಿದುಕೊಂಡು, "ನಮ್ಮದಕ್ಕೆ ಉಪಕಾರ ಆಗದಿದ್ದರೂ ಬೇರೆ ಮಕ್ಕಳಿಗೆ ಆಗಲಿ, ತೆಗೀರಿ ಡಾಕ್ಟ್ರೇ" ಎಂದಿದ್ದಳು ಎಂದು ಹೇಳಿ ಕಾರನ್ನು ಇನ್ನಷ್ಟು ಜೋರು ಓಡಿಸಿದಳು.

ಗೇಟಿನಲ್ಲಿ ನನ್ನ ಐಸ್ ನಮಗಿಂತ ಮೊದಲೇ ಬಂದು ನಿಂತಿತ್ತು. ವಾಚ್‌ಮನ್ ತಾರಾನಾಥರು ಮೂಗು ಮುಚ್ಚಿಕೊಂಡು, "ಕ್ಯಾಂಟೀನಿಗೆ ಮೀನಾ? ಹಿಂದಿನ ಗೇಟು" ಎನ್ನುತ್ತಿದ್ದರು. "ಮೀನಲ್ಲ ಮಾರಾಯ್ರೆ, ಮೇಲಿನ ಫ್ರೀಜರಿಗೆ ತುರ್ತು ಚಿಕಿತ್ಸೆ" ಎಂದು ನಾನು ಎದೆಯುಬ್ಬಿಸಿದಾಗ ಪ್ರಣೀತಾ ಹಣೆಗೆ ಕೈಯಿಟ್ಟುಕೊಂಡು ಹೇಳಿದ ಮಾತನ್ನು ಇಲ್ಲಿ ಬರೆಯಲು ನನ್ನ ಪೆನ್ನು ಒಪ್ಪುತ್ತಿಲ್ಲ, ಆದರೂ ಬರೆಯುತ್ತೇನೆ: "ಅಜ್ಜ, ನಿಮ್ಮ ಐಸ್ ಅದಕ್ಕೆ ಕುದಿಯುವ ಚಾ!"

ಮಾನ್ಯರೇ, ನನ್ನ ಐಸಿನ ಬಗ್ಗೆ ದೊಡ್ಡ ದೊಡ್ಡ ಬೋಟಿನವರು ಅನೇಕ ಮಾತು ಆಡಿದ್ದುಂಟು. ಬಿಸಿ ಎಂದವರು ಯಾರೂ ಇಲ್ಲ.

ಮೇಲೆ ಹೋದಾಗ ತಾವು ಮೈನಸ್ ಅರವತ್ತೆಂಟರಲ್ಲಿ ಬೆವರುತ್ತಿದ್ದಿರಿ. ತಮ್ಮೊಳಗಿನದನ್ನೆಲ್ಲ ಪಕ್ಕದ ಕಟ್ಟಡದ ಫ್ರೀಜರಿಗೆ ಸಾಗಿಸಬೇಕು, ಆದರೆ ತಮ್ಮ ಬಾಗಿಲು ಒಮ್ಮೆಗೆ ಒಂದು ನಿಮಿಷ ಮೀರಿ ತೆರೆದಿರಬಾರದು. ಅಷ್ಟರಲ್ಲಾಗಲೇ ಬಂದು ನಿಂತಿದ್ದ ಡಾ. ವಿಲ್ಮಾ ನನ್ನನ್ನು ಹೊರಗೆ ಹಾಕುವ ಬದಲು, "ನೀವು ಎಣಿಸಿ" ಎಂದರು. ಐಸಿನ ಡಬ್ಬವನ್ನು ನೀರಿಗಿಳಿಸಿ, ಬ್ಲಾಕ್ ಸಡಿಲವಾಗಿ ಹೊರಬರುವವರೆಗೆ ಎಣಿಸಿ ಎಣಿಸಿಯೇ ನಾನು ಮುದುಕನಾದವನು. "ಒಂಜಿ, ರಡ್ಡ್, ಮೂಜಿ" ಎಂದು ತುಳುವಿನಲ್ಲೇ ಶುರು ಮಾಡಿದೆ. ಹದಿನಾಲ್ಕು ಸಲ ಬಾಗಿಲು ತೆರೆಯಿತು, ಹದಿನಾಲ್ಕು ಸಲವೂ ನಾನು ಅರವತ್ತಾಗಲು ಬಿಡಲಿಲ್ಲ. ಕೊನೆಯ ಟ್ರೇ ಹೊರಬಂದಾಗ ತಮ್ಮ ಅಂಕಿ ಮೈನಸ್ ಅರವತ್ತೊಂದು. ಒಂದೇ ಒಂದು ಡಿಗ್ರಿ, ಮಾನ್ಯರೇ.

ಸಾಗಿಸಿ ಮುಗಿಸಿ ಅವರೆಲ್ಲ ಕೆಳಗೆ ಬಂದು, ಬೇರೆ ಕುರ್ಚಿಯಿಲ್ಲದೆ, ನನ್ನ ಐಸಿನ ಮೇಲೆಯೇ ಗೋಣಿ ಹಾಸಿ ಕೂತರು. ಪ್ರಣೀತಾ ಕೈಗವಸು ಬಿಚ್ಚಿ, ಅಷ್ಟು ಹೊತ್ತು ಬಾರದಿದ್ದ ಅಳುವನ್ನು ಒಮ್ಮೆಗೇ ಅತ್ತು ಮುಗಿಸಿದಳು. ಆ ಹೊತ್ತಿಗೇ ಕುಶಲಳ ಫೋನು: "ಬೋರ್ಡಿಗೆ ಹಸಿರಾ, ನೀಲಿಯಾ?" ಇವಳೆಂದಳು: "ಅಜ್ಜಿ, ನಾನೀಗ ಐಸಿನ ಮೇಲೆ ಕೂತಿದ್ದೇನೆ. ಮತ್ತೆ ಹೇಳ್ತೇನೆ."

ಈಗ ತಮಗೆ ಹೊಸ ಕಂಪ್ರೆಸರ್ ಬಂದಿದೆಯೆಂದು ಕೇಳಿ ಸಂತೋಷವಾಯಿತು. ಇನ್ನು ಮುಂದೆ ತಾವು ಕೆಡುವುದೇ ಆದರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಒಂದು ವಾರದ ಮುಂಚಿನ ಸೂಚನೆಯೊಂದಿಗೆ ಕೆಡಬೇಕಾಗಿಯೂ, ಪಾಯಸಕ್ಕೆ ಮುಂಚೆ ಯಾವ ಕಾರಣಕ್ಕೂ ಕೂಗಬಾರದಾಗಿಯೂ, ಕುಶಲಳ ಎಂಬತ್ತರ ಊಟಕ್ಕೆ ಸ್ವತಃ ಬಂದು ಎಲೆ ಮುಗಿಯುವವರೆಗೆ ಕೂರಬೇಕಾಗಿಯೂ, ಮಲ್ಪೆಯ ಐಸ್ ತಣ್ಣಗಿರುತ್ತದೆ ಎಂದು ಲಿಖಿತವಾಗಿ ಒಪ್ಪಬೇಕಾಗಿಯೂ ವಿನಂತಿ.

ತಮಗಿಂತ ಎಂಬತ್ತು ಡಿಗ್ರಿಯಾದರೂ ಬೆಚ್ಚಗಿರುವ,
ತಮ್ಮ ವಿಶ್ವಾಸಿ,
ಉಮಾನಾಥ, ಮಲ್ಪೆ

ತಾ.ಕ.: ಪತ್ರವನ್ನು ಕೈಯಾರೆ ಕೊಡೋಣವೆಂದು ಗುರುವಾರ ಬಂದಾಗ ತಾವು ಬಾಗಿಲು ತೆರೆಯಲಿಲ್ಲ, ಬಾಗಿಲ ಮೇಲೆ ಅಂಟಿಸಿದ ಹೊಸ ಹಾಳೆಯನ್ನು ಮಾತ್ರ ಓದಿ ಬಂದೆ. ಅಲಾರಂ ಕೂಗಿದರೆ ಕರೆಯಬೇಕಾದವರು: ಮೊದಲು ಡಾ. ಪ್ರಣೀತಾ, ಮುಂದಿನ ಮೂರು ವರ್ಷಗಳವರೆಗೆ. ಎರಡನೆಯದು ಡಾ. ವಿಲ್ಮಾ. ಮೂರನೆಯದು ಉಮಾನಾಥಜ್ಜ, ಅದರ ಮುಂದೆ ಪ್ರಣೀತಳದೇ ಅಕ್ಷರದಲ್ಲಿ, "ಎಣಿಸಲಿಕ್ಕೆ ಮಾತ್ರ. ಐಸ್ ತರಬಾರದು." ಕುಶಲಳಿಗೆ ಈ ಸುದ್ದಿಯನ್ನು ಇನ್ನೂ ಯಾರೂ ಹೇಳಿಲ್ಲ, ಬೋರ್ಡಿಗೆ ಅವಳು ನೀಲಿ ಬಣ್ಣವನ್ನೇ ನಿಶ್ಚಯಿಸಿದ್ದಾಳೆ. ಯಾರಿಗೆ ಯಾವಾಗ ಬೇಕಾದರೂ ಫೋನ್ ಮಾಡುವ ಧೈರ್ಯ ನಮ್ಮಲ್ಲಿ ತಮಗೊಬ್ಬರಿಗೇ ಇರುವುದರಿಂದ, ಅವಳ ನಂಬರನ್ನು ಕೆಳಗೆ ಬರೆದಿದ್ದೇನೆ.