ಚಿಗವ್ವನ ಹೆಬ್ಬೆಟ್ಟಿಗೊಂದು ಫೇಶಿಯಲ್

ನಮ್ಮ ಚಿಗವ್ವ ಬದುಕಿದ್ದಾಳೆ ಎಂಬುದನ್ನು ಇಡೀ ಬೈಲಹೊಂಗಲ ಒಪ್ಪಿದರೂ ಒಂದು ಮಷಿನ್ ಮಾತ್ರ ಒಪ್ಪಲಿಲ್ಲ. ಬೆಳಗಿನ ಐದಕ್ಕೆ ಅವಳು ರೊಟ್ಟಿ ಬಡಿಯಲು ಶುರು ಮಾಡಿದರೆ, ತಮಗಿನ್ನು ಕೆಲಸವಿಲ್ಲವೆಂದು ಓಣಿಯ ಕೋಳಿಗಳು ಮತ್ತೆ ಮಲಗುತ್ತವೆ. ಖಾನಾವಳಿಗೂ ಅವಳದೇ ರೊಟ್ಟಿ, ಮದುವೆ ಮನೆಗೂ ಅವಳದೇ ರೊಟ್ಟಿ. ಕಿತ್ತೂರಿನಿಂದ ಮುನವಳ್ಳಿಯವರೆಗೆ ಅದನ್ನು ತಿನ್ನದ ಹೊಟ್ಟೆ ಇದ್ದರೆ ಅದು ಹಲ್ಲು ಬಾರದ ಕೂಸಿನದೇ ಇರಬೇಕು! ಇಂಥವಳು ಇದ್ದಾಳೆ ಎನ್ನಲು ಸಾಕ್ಷಿ ಬೇಕೆ?

ಬೇಕಂತೆ. ಅದಕ್ಕೆ ಮುಂಚೆ ನನ್ನ ಮುಖದ ಕಥೆ ಹೇಳಿಬಿಡುತ್ತೇನೆ. ಎಲ್ಲ ಶುರುವಾದದ್ದು ಅಲ್ಲಿಂದಲೇ.

ನಾದಿನಿಯ ಮಗಳ ಮದುವೆಯಲ್ಲಿ ಐವತ್ತರ ನಾನು ನಲವತ್ತರಂತೆ ಕಾಣಬೇಕೆಂಬ ಹುಚ್ಚು ಹಿಡಿಯಿತು. ಬಜಾರಿನ ಪಾರ್ಲರಿಗೆ ಹೋದೆ. ಮುಖಕ್ಕೆ ಏನನ್ನೋ ಹಚ್ಚಿ, ಮೇಲಿನ ಸತ್ತ ಚರ್ಮ ಸುಲಿಯುತ್ತಾರೆ. ಅದಕ್ಕೆ ಪೀಲ್ ಎಂದು ಹೆಸರು. ಪಾರ್ಲರಿನಾಕೆ ಸವದತ್ತಿಯವಳು, ತಿಳಿದವಳು. ಮೊದಲೇ ಎಚ್ಚರಿಸಿದಳು.

"ಅಕ್ಕಾರ, ಹಚ್ಚಿದಾಗ ಚುರುಚುರು ಅಂತೈತಿ. ಎರಡ ದಿನ ಕೆಂಪ ಆಗತೈತಿ, ಆಮ್ಯಾಲ ಪೊರಿ ಪೊರಿ ಉದರತೈತಿ. ಕೀಳಬ್ಯಾಡ್ರಿ, ಬಿಸಲಾಗ ತಿರಗಬ್ಯಾಡ್ರಿ. ಲಗ್ನ ಇನ್ನ ಎರಡ ವಾರ ಐತಲ್ಲರಿ?"

"ಐತವಾ, ಭಾಳ ದಿನ ಐತಿ," ಎಂದೆ. ಇದ್ದದ್ದು ಎರಡೇ ದಿನ!

ಅಕ್ಷತೆಯ ಹೊತ್ತಿಗೆ ನನ್ನ ಮುಖ ಒಣಮೆಣಸಿನಕಾಯಿ, ಮೂಗಿನ ತುಂಬ ಹಾವಿನ ಪೊರೆ. ಫೋಟೊದವನು ಕ್ಯಾಮೆರಾ ಇಳಿಸಿ, "ಅಕ್ಕಾರ, ನೀವ ಸ್ವಲ್ಪ ಹಿಂದಿನ ಸಾಲಿನಾಗ ನಿಂದರ್ರಿ," ಎಂದ.

ಚಿಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರೊಕ್ಕಾ ಕೊಟ್ಟ ಸುಟಗೊಂಡ ಬಂದಿಯೇನ? ನನ್ನ ಒಲಿ ಮುಂದ ಕುಂತಿದ್ರ ಪುಕ್ಕಟೆ ಆಗ್ತಿತ್ತು!"

ಹತ್ತು ದಿನ ಕಳೆಯಿತು. ಪೊರೆಯೆಲ್ಲ ಉದುರಿ ಮುಖ ನುಣ್ಣಗಾಯಿತು. ಚಿಗವ್ವ ಬಂದಳು. ಕೈಯ ಹಿಂಬದಿಯಿಂದ ನನ್ನ ಕೆನ್ನೆ ಸವರಿ, "ಹಳೇದು ಹ್ವಾದ್ರ ಖರೇನ ಹೊಸಾದು ಬರತೈತಿ ಹಂಗಾರ," ಎಂದು ಗೊಣಗಿದಳು.

ಕೈಯ ಹಿಂಬದಿಯಿಂದ ಏಕೆ ಎನ್ನುತ್ತೀರಾ? ಅದು ಅವಳ ನೂರೆಂಟು ವಿಚಿತ್ರಗಳಲ್ಲಿ ಒಂದು. ಯಾವ ಮಗುವನ್ನು ಮುಟ್ಟಿದರೂ ಹಂಚು ಕಾದಿದೆಯೇ ಎಂದು ನೋಡುವವರ ಹಾಗೆ ಮುಟ್ಟುತ್ತಾಳೆ. ಹಿಟ್ಟು ಹಾರುತ್ತದೆಂದು ಫ್ಯಾನಿನ ಕೆಳಗೆ ಕೂರುವುದಿಲ್ಲ. ಹಿಟ್ಟಿಲ್ಲದ ಬ್ಯಾಂಕಿನಲ್ಲೂ ಕೂರುವುದಿಲ್ಲ! ಟಿವಿಯಲ್ಲಿ ಸುದ್ದಿ ಓದುವವಳನ್ನು "ಉಂಡಿಯೇನವಾ?" ಎಂದು ವಿಚಾರಿಸುತ್ತಾಳೆ. ನವಿಲುತೀರ್ಥದ ಹೊಳೆಯಿಂದ ತಂದ ಒಂದು ಕರಿಕಲ್ಲು ಅವಳ ಬಚ್ಚಲಲ್ಲಿದೆ. ದೀಪಾವಳಿಗೆ ಅದರಿಂದ ನಮ್ಮ ಬೆನ್ನು ತಿಕ್ಕಿದರೆ, ಒಂದು ವಾರ ನಾವೆಲ್ಲ ಬೋರಲಾಗಿಯೇ ಮಲಗಬೇಕು. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು ಇವಳೇ. ಹಾಗಾಗಿ ಹೆಚ್ಚು ತಿಕ್ಕಿಸಿಕೊಂಡವಳೂ ನಾನೇ.

ಈಗ ಮಷಿನಿನ ವಿಷಯ. ಕಾರ್ಡಿನಲ್ಲಿ ಹೆಸರಿದ್ದವರೆಲ್ಲ ಬಂದು ಹೆಬ್ಬೆಟ್ಟು ಒತ್ತಬೇಕೆಂದು ರೇಷನ್ ಅಂಗಡಿಯವನು ಹೇಳಿಕಳಿಸಿದ. ಚಿಗವ್ವ ಒತ್ತಿದಳು. ಕೆಂಪು ದೀಪ. ಸೆರಗಿಗೆ ಒರೆಸಿ ಒತ್ತಿದಳು, ತಲೆಗೆ ಸವರಿ ಒತ್ತಿದಳು, ಹತ್ತೂ ಬೆರಳು ಒತ್ತಿದಳು. ಕೆಂಪು, ಕೆಂಪು, ಕೆಂಪು!

"ಚಿಗವ್ವಾರ, ಬೆರಳಾಗ ಗೆರಿನ ಉಳದಿಲ್ಲರಿ. ಗಿಲಾವ ಮಾಡಿದ ನುಣ್ಣನ ಗ್ವಾಡಿ ಆಗೇತಿ. ಕಣ್ಣ ನೋಡೂ ಮಷಿನ್ನೂ ಕೆಟ್ಟೈತಿ. ತಿಂಗಳ ಕಡೀಕ ಇದು ಹತ್ತಲಿಲ್ಲಂದ್ರ ನಿಮ್ಮ ಹೆಸರ ಹೋಗತೈತ್ರಿ."

"ನಿನ್ನ ಲಗ್ನಕ್ಕ ಸಾವಿರ ರೊಟ್ಟಿ ಬಡದಾಕಿ ನಾನು. ಅವತ್ತ ಗುರ್ತ ಇತ್ತು, ಇವತ್ತ ಇಲ್ಲೇನ?"

"ನನಗ ಗುರ್ತ ಐತ್ರಿ. ಮಷಿನ್ನಿಗೆ ಇಲ್ಲ."

"ಹಂಗಾರ ಅದಕ್ಕೂ ಎರಡ ರೊಟ್ಟಿ ತಿನಸ!"

ಅಕ್ಕಿ ಅವಳಿಗೆ ಬೇಕಿರಲಿಲ್ಲ. ಅನ್ನವೆಂದರೆ ಜ್ವರ ಬಂದವರ ಊಟ ಎಂದೇ ಅವಳ ಲೆಕ್ಕ. ಅವಳಿಂದ ತಡೆಯಲಾಗದ್ದು ಹೆಸರು ತೆಗೆಯುವ ಮಾತು. ಮೂರು ದಿನ ಅದನ್ನೇ ಅಂದಳು: "ಇದ್ದಾಕಿ ಹೆಸರ ಹೆಂಗ ತಗೀತಾರ?" ಕರಿಕಲ್ಲಿಗೆ ಹೆಬ್ಬೆಟ್ಟು ತಿಕ್ಕಿದಳು. ರಕ್ತ ಬಂತು, ಗೆರೆ ಬರಲಿಲ್ಲ. ನಾಲ್ಕನೆಯ ದಿನ ಇಳಕಲ್ ಸೀರೆ ಉಟ್ಟು ನನ್ನ ಬಾಗಿಲಲ್ಲಿ ನಿಂತಳು. "ನಡಿ, ನಿನ್ನ ಮಾರಿ ಸುಲದಾಕಿ ಕಡೆ."

ಪಾರ್ಲರಿನಾಕೆ ಕುರ್ಚಿ ಬಾಗಿಸಿ, ತಲೆಗೆ ಪಟ್ಟಿ ಕಟ್ಟಲು ಬಂದಳು. ಚಿಗವ್ವ ಹೆಬ್ಬೆಟ್ಟು ಎತ್ತಿ ಹಿಡಿದಳು.

"ಮಾರಿ ಬ್ಯಾಡವಾ, ಇದೊಂದ ಮಾಡ. ಕಲ್ಲಿಗೆ ತಿಕ್ಕಿದ್ರ ಬರೇ ರಕ್ತ ಬಂತು. ಹಳೇ ತೊಗಲ ತಗದು ಹೊಸಾದು ಬರಸ. ಗೆರಿ ಇದ್ದದ್ದು ಬರಲಿ ಮತ್ತ."

"ಅಮ್ಮಾರ, ನಾವ ಮಾರೀದಷ್ಟ ಮಾಡತೇವ್ರಿ."

"ಮಾರಿಕಿಂತ ಇದು ಸಣ್ಣದೈತಿ. ಲಗೂನ ಮುಗೀತೈತಿ!"

ನಾನು ನಕ್ಕೆ. ಪಾರ್ಲರಿನಾಕೆ ನಗಲಿಲ್ಲ. ಆ ಬೆರಳುಗಳನ್ನು ದೀಪದ ಕೆಳಗೆ ಒಂದೊಂದಾಗಿ ತಿರುಗಿಸಿ ನೋಡಿದಳು. "ಇದರ ಮ್ಯಾಲ ತಗ್ಯಾಕ ಏನೂ ಉಳದಿಲ್ಲರಿ. ಮಂದೀದು ನಾವ ತಿಂಗಳಿಗೊಮ್ಮೆ ಸುಲೀತೇವಿ, ನೀವ ದಿನಾ ಸುಲಕೊಂಡೀರಿ. ತೊಗಲ ತಾನ ಬೆಳೀತೈತಿ, ಅದಕ್ಕ ಪುರಸತ್ತ ಕೊಡಬೇಕ್ರಿ. ಹದಿನೈದ ದಿನ ಹಿಟ್ಟ ಮುಟ್ಟಬ್ಯಾಡ್ರಿ, ಬೆಂಕಿ ಮುಟ್ಟಬ್ಯಾಡ್ರಿ, ಆ ಕಲ್ಲಂತೂ ಬ್ಯಾಡ. ಮುಂಜಾನಿ ಸಂಜಿ ಈ ಕ್ರೀಮ ಹಚ್ಚರಿ. ಗೆರಿ ಮೂಡಿದ್ರೂ ಮೂಡಬಹುದು."

"ಹದಿನೈದ ದಿನ ರೊಟ್ಟಿ ಯಾರ ಬಡೀತಾರ?"

ಇಬ್ಬರೂ ನನ್ನತ್ತ ತಿರುಗಿದರು. ಮದುವೆಯ ದಿನಾಂಕದ ಬಗ್ಗೆ ಸುಳ್ಳು ಹೇಳಿದ್ದಕ್ಕೆ ಪಾರ್ಲರಿನಾಕೆ ಹೀಗೆ ಸೇಡು ತೀರಿಸಿಕೊಳ್ಳಬಾರದಿತ್ತು.

ನಾನು ಬಡಿದೆ. ಚಿಗವ್ವ ಕ್ರೀಮು ಹಚ್ಚಿದ ಕೈಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಪಕ್ಕದಲ್ಲಿ ಕೂತು, "ತಿರುವಿ ತಿರುವಿ ಬಡಿ! ಅದೇನ ರೊಟ್ಟಿ ಐತ್ಯೋ ನಿನ್ನ ವೈರಿ ಐತ್ಯೋ?" ಎಂದು ಹುಕುಂ ಹೊರಡಿಸಿದಳು. ಖಾನಾವಳಿಯವನು ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಅಕ್ಕಾರ, ಇದರಾಗ ರಾಮದುರ್ಗ ತಾಲೂಕ ಯಾವ ಕಡೆ ಐತ್ರಿ?" ಎಂದು ಕೇಳಿದ. ನನ್ನ ಅಂಗೈ ಬೊಬ್ಬೆ ಎದ್ದಿತು, ಒಡೆಯಿತು, ಗಟ್ಟಿಯಾಯಿತು. ಹತ್ತನೆಯ ದಿನ ಕ್ರೀಮು ಹಚ್ಚುವಾಗ ಕನ್ನಡಕ ಏರಿಸಿ ನೋಡಿದೆ. ಅವಳ ಹೆಬ್ಬೆಟ್ಟಿನ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೆರೆ! ಅದರ ಪಕ್ಕ ಇನ್ನೊಂದು.

ಹದಿನಾರನೆಯ ದಿನ ರೇಷನ್ ಅಂಗಡಿಗೆ ಹೋದೆವು. ಮೊದಲ ಸಲ ಕೆಂಪು. ಚಿಗವ್ವ ಕಣ್ಣು ಮುಚ್ಚಿ, ಉಸಿರು ಹಿಡಿದು ಮತ್ತೆ ಒತ್ತಿದಳು. ಹಸಿರು!

"ಹತ್ತಿತ್ರಿ!" ಎಂದು ಅಂಗಡಿಯವನು ಕೂಗಿದ.

"ಈಗ ಗುರ್ತ ಸಿಕ್ತೇನ, ಖೋಡಿ?" ಎಂದು ಅವಳು ಮಷಿನನ್ನೇ ಬೈದಳು.

ಇನ್ನು ಸೀದಾ ಮನೆಗೆ ಹೋಗಿ ಹಿಟ್ಟಿಗೆ ಕೈ ಹಾಕುತ್ತಾಳೆ ಎಂದುಕೊಂಡೆ. ಓಣಿಯ ತಿರುವಿನಲ್ಲಿ ನಿಂತಳು. ನನ್ನತ್ತ ತಿರುಗಿ ಕೆನ್ನೆಯ ಮೇಲೆ ಕೈ ಇಟ್ಟಳು. ಹಿಂಬದಿಯಲ್ಲ. ಇಡೀ ಅಂಗೈ.

"ಈಗ ಚುಚ್ಚೂದಿಲ್ಲಲ್ಲವಾ?"

ಆಗ ನೆನಪಾಯಿತು. ಅವ್ವ ಹೋದ ತಿಂಗಳು, ನನಗೆ ಏಳು ವರ್ಷ. ಚಿಗವ್ವ ಒಲೆಯ ಮುಂದಿನಿಂದ ಎದ್ದುಬಂದು ನನ್ನ ಕೆನ್ನೆ ಒರೆಸಿದ್ದಳು. "ಚುಚ್ಚತೈತಿ, ಮುಟ್ಟಬ್ಯಾಡ!" ಎಂದು ನಾನು ಆ ಕೈಯನ್ನು ನೂಕಿದ್ದೆ. ಸಂಜೆಗೆಲ್ಲ ನಾನದನ್ನು ಮರೆತಿದ್ದೆ.

ಅವಳ ಕೈ ಜಾರದಂತೆ ಅದರ ಮೇಲೆ ನನ್ನ ಅಂಗೈ ಒತ್ತಿ ಹಿಡಿದೆ.

"ಏ ಬಿಡ, ನಿನ್ನ ಕೈ ಚುಚ್ಚತೈತಿ!" ಎಂದಳು. ಕೈ ಮಾತ್ರ ತೆಗೆಯಲಿಲ್ಲ.