ಬೀಗರದಕ್ಕಿಂತ ಒಂದು ಗೇಣು ಎತ್ತರ

ಬಿಡಿ ಸಾಮಾನು ತಂದು ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ಇಟ್ಟವನಿಗೆ ನಗುವುದಕ್ಕೆ ಬೇರೆ ಖರ್ಚಿಲ್ಲ. ಗಿರಾಕಿಗಳು ತಾವಾಗಿಯೇ ಬರುತ್ತಾರೆ. ತೊಂಬತ್ತರ ದಶಕದ ಕೊನೆಗೆ ಸಿಂಧನೂರಿನ ನನ್ನ ರೇಡಿಯೋ ರಿಪೇರಿ ಅಂಗಡಿಯ ಬೋರ್ಡಿನ ಮೇಲೆ ‘ಕಂಪ್ಯೂಟರ್’ ಎಂದೂ ಬರೆಸಿದೆ. ಬಣ್ಣ ಒಣಗುವ ಮೊದಲೇ ಒಳಗೆ ಬಂದವರು ಅಕ್ಕಿ ಗಿರಣಿಯ ಸಾವ್ಕಾರರು. ಒಬ್ಬರೇ ಗಿರಾಕಿ, ಒಂದೇ ಕಂಪ್ಯೂಟರು. ಆದರೆ ಅದರ ಒಂದೊಂದು ಸಾಮಾನಿಗೂ ಒಂದೊಂದು ಪ್ರಸಂಗವಾಯಿತು.

ಡಬ್ಬಿ

ಸಾವ್ಕಾರರು ಕುರ್ಚಿಯಲ್ಲಿ ಕೂಡಲೂ ಇಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈಯಲ್ಲಿ ಚಾಚಿ ಹಿಡಿದರು. ನಡುವೆ ಒಂದು ಗಂಟು ಹಾಕಿತ್ತು.

“ತಮ್ಮಾ, ಈ ತುದಿಯಿಂದ ಈ ಗಂಟಿನತನಕ ನಮ್ಮ ಲಿಂಗಸುಗೂರು ಬೀಗರ ಕಂಪ್ಯೂಟರ್ ಐತಿ. ನಂದು ಅದಕ್ಕಿಂತ ಒಂದು ಗೇಣು ಎತ್ತರ ಬೇಕು.”

ಬೀಗರೆಂದರೆ ಅವರು ಮಗಳನ್ನು ಕೊಟ್ಟ ಮನೆಯವರು, ಹತ್ತಿ ವ್ಯಾಪಾರಿಗಳು. ಚಹಾ ಹೇಳಲು ಬೀಗರು ಒಳಗೆ ಹೋದಾಗ ಸಾವ್ಕಾರರು ಟವೆಲ್ಲಿನಲ್ಲೇ ಅಳತೆ ತೆಗೆದುಕೊಂಡು ಬಂದಿದ್ದರು.

“ಎತ್ತರದಿಂದ ಏನೂ ಆಗಂಗಿಲ್ರಿ ಸಾವ್ಕಾರ್ರ. ಏನಿದ್ರೂ ಒಳಗಿನ ಸಾಮಾನಿಂದು.”

“ಒಳಗಿಂದು ಯಾರ್ ನೋಡ್ತಾರ? ಬರೋ ಸೋಮವಾರ ಬೀಗರು ಗಿರಣಿಗೆ ಬರಾಕತ್ತಾರ. ನಮ್ಮ ಹುಡುಗಿ ಮುಂದ ‘ನಿಮ್ಮಪ್ಪಗ ಇನ್ನೂ ತಕ್ಕಡಿನ ಗತಿ’ ಅಂದಾರಂತ. ಇದು ಇಜ್ಜತ್ತಿನ ಮಾತು.”

ಅದನ್ನು ಹೇಳುವಾಗ ಅವರ ಮುಖ ಸಣ್ಣದಾಯಿತು. ನನಗೂ ಪಾಪ ಅನ್ನಿಸಿ, ಇದ್ದುದರಲ್ಲೇ ಎತ್ತರದ, ಕಂಪ್ಯೂಟರಿನ ಖಾಲಿ ಡಬ್ಬಿ ಇಳಿಸಿದೆ. ಅಳೆದರು, ಗಂಟು ದಾಟಿ ಒಂದು ಗೇಣು! ಒಳಗೆ ಕೈ ಹಾಕಿ ನೋಡಿ ಖುಷಿಯಾದರು.

“ಯಂತ್ರ ಕೆಟ್ರೂ ಚಿಂತಿಲ್ಲ ತಮ್ಮಾ. ಅಕ್ಕಿ ತುಂಬಿಡಾಕ ಬರ್ತೈತಿ.”

ಗಲಗಲ

ಭತ್ತದ ವ್ಯಾಪಾರಿ ಮಾದರಿ ನೋಡದೆ ಮಾಲು ಎತ್ತುವುದಿಲ್ಲ. ಒಂದು ಕಾಳು ಹಲ್ಲಲ್ಲಿ ಕಡಿದು ಇದು ಹಸಿ, ಇದು ಒಣಗಿದ್ದು ಎಂದು ಹೇಳುವವರು ಸಾವ್ಕಾರರು. ರ‍್ಯಾಮ್ ಪಟ್ಟಿಯನ್ನು ಬಾಯಿಯ ಹತ್ತಿರ ಒಯ್ದದ್ದೇ ತಡ, ನಾನು ಕಸಿದುಕೊಂಡೆ. ಹಾರ್ಡ್ ಡಿಸ್ಕ್ ಕೈಗೆ ಬಂದಾಗ ತೆಂಗಿನಕಾಯಿಯಂತೆ ಕಿವಿಗೆ ಹಿಡಿದು ಅಲ್ಲಾಡಿಸಿದರು.

“ಇದರಾಗ ಏನೂ ಇಲ್ಲಪಾ. ಖಾಲಿ.”

ಇನ್ನೊಂದು ಕೊಟ್ಟೆ. ಅದೂ ಖಾಲಿ. ಆಮೇಲೆ ಕಪಾಟಿನ ಮೇಲೆ ಕೆಟ್ಟು ಬಿದ್ದಿದ್ದ ಹಳೆಯದೊಂದನ್ನು ತಾವೇ ಎತ್ತಿ ಅಲ್ಲಾಡಿಸಿದರು. ಒಳಗೆ ಏನೋ ಮುರಿದಿತ್ತು, ಗಲಗಲ ಎಂದಿತು.

“ನೋಡು, ಇದು ತುಂಬಿದ ಮಾಲು! ಇಂಥಾದ್ದು ಮ್ಯಾಲಿಟ್ಟು ನನಗ ಖಾಲಿದು ತೋರ್ಸಾಕತ್ತಿ!”

ತಿಳಿಸಿ ಹೇಳಿದಷ್ಟೂ ಅವರ ಸಂಶಯ ಹೆಚ್ಚಾಯಿತು. ಕೊನೆಗೆ ಒಳ್ಳೆಯದನ್ನು ಜೋಡಿಸಿ, ಗಲಗಲದ್ದನ್ನೂ ವೈರು ಹಚ್ಚದೆ ಡಬ್ಬಿಯ ಮೂಲೆಯಲ್ಲಿ ಕೂಡಿಸಿದೆ. ಜಾಗಕ್ಕಂತೂ ಬರವಿರಲಿಲ್ಲ.

ಕಿಟಕಿ ಪಕ್ಕದ ಸೀಟು

ಮಾನಿಟರ್ ಮಾತ್ರ ಬೀಗರು ಕೊಂಡ ಲಿಂಗಸುಗೂರಿನ ಅಂಗಡಿಯಿಂದಲೇ ಬರಬೇಕು, ಅವರದಕ್ಕಿಂತ ಒಂದು ಇಂಚು ದೊಡ್ಡದಿರಬೇಕು ಎಂದು ಹಟ ಹಿಡಿದರು. ಇಬ್ಬರೂ ಹೋಗಿ ತೆಗೆದುಕೊಂಡು ಬಸ್ಸು ಹತ್ತಿದೆವು. ಕಂಡಕ್ಟರ್ “ಇದಕ್ಕೂ ಟಿಕೆಟ್ ಆಗ್ತೈತ್ರಿ” ಎಂದ.

“ಟಿಕೆಟ್ ಅಂದಮ್ಯಾಲ ಸೀಟೂ ಬೇಕು” ಎಂದ ಸಾವ್ಕಾರರು ಪೂರ್ತಿ ಟಿಕೆಟ್ ಕೊಂಡು, ಮಾನಿಟರನ್ನು ಕಿಟಕಿಗೆ ಕೂಡಿಸಿ, ತಾವು ಪಕ್ಕದಲ್ಲಿ ಕೂತರು. ನಾನು ಮೊದಲಿಂದಲೂ ನಿಂತೇ ಇದ್ದೆ.

ಮಸ್ಕಿಯಲ್ಲಿ ಬಸ್ಸು ತುಂಬಿತು. ಬುಟ್ಟಿ ಹಿಡಿದು ಬಂದ ಮುದುಕಿಯೊಬ್ಬಳು, “ಈ ಡಬ್ಬಿ ಇಳಸೋ ಯಪ್ಪಾ, ಕುಂದರ್ತೀನಿ” ಎಂದಳು.

ಸಾವ್ಕಾರರು ಗತ್ತಿನಿಂದ ಟಿಕೆಟ್ ತೋರಿಸಿದರು. “ಇದಕ್ಕೂ ಟಿಕೆಟ್ ತಗದೀನಿ ಯವ್ವಾ.”

“ಖರೇ ಐತಿ ಬಿಡು. ಪಾಪ, ಅದಕ್ಕ ಕಾಲಿಲ್ಲ, ಕುಂದರ್ಲಿ. ನಿನಗ ಅದಾವಲ್ಲ, ನೀ ಏಳು.”

ಬಸ್ಸಿಗೆ ಬಸ್ಸೇ ನಕ್ಕಿತು. ಸಿಂಧನೂರಿನವರೆಗೂ ಸಾವ್ಕಾರರು ಕಂಬಿ ಹಿಡಿದು ನಿಂತು ಬಂದರು. ಮಾನಿಟರು ಕಿಟಕಿಯಲ್ಲಿ ಗದ್ದೆ ನೋಡುತ್ತ ಬಂತು.

ನಿಂಬೆಹಣ್ಣು

ಸೋಮವಾರ ಗಿರಣಿಯ ವರಾಂಡದಲ್ಲಿ, ಗಾಲಿ ಇದ್ದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿ ಚಾಲೂ ಮಾಡಿದೆ. ಬೀಗರು ಬಂದರು, ನೋಡಿದರು, “ನಮ್ಮದೂ ಇಂಥಾದ್ದ” ಎಂದು ಚಹಾದ ಕಪ್ಪಿಗೆ ಕೈ ಚಾಚಿದರು. ಎತ್ತರದ ಮಾತೇ ಇಲ್ಲ. ಸಾವ್ಕಾರರ ಮುಖ ಬಾಡಿಹೋಯಿತು.

ಅಷ್ಟರಲ್ಲಿ ಸಾವ್ಕಾರರ ತಾಯಿ ಬಂದರು. ಅವರು ಮೇಜಿನ ಮೇಲೆ ನೋಡಲೇ ಇಲ್ಲ, ಕೆಳಗೆ ನೋಡಿದರು.

“ಗಾಲಿ ಅದಾವ. ನಿಂಬಿಹಣ್ಣು ಇಟ್ಟೀರೇನು?”

ಟ್ರ್ಯಾಕ್ಟರ್ ಇರಲಿ, ಸೈಕಲ್ ಇರಲಿ, ಹೊಸ ಗಾಲಿಯನ್ನು ನಿಂಬೆಹಣ್ಣಿನ ಮೇಲೆ ಹಾಯಿಸದೆ ನಮ್ಮ ಕಡೆ ಯಾರೂ ಹತ್ತುವುದಿಲ್ಲ. “ಇದು ಗಾಡಿ ಅಲ್ರೀ ಅಮ್ಮಾ” ಎಂದೆ. “ಮತ್ತ ಗಾಲಿ ಯಾಕ ಹಚ್ಚೀರಿ?” ಎಂದರು.

ನಾಲ್ಕು ಗಾಲಿಗೆ ನಾಲ್ಕು ಹಣ್ಣು ಬಂದವು. ಮರ್ಯಾದೆಗೆಂದು ಬೀಗರಿಗೇ ದೂಡಲು ಹೇಳಿದರು. ಸಣ್ಣ ಗಾಲಿ, ದೊಡ್ಡ ಹಣ್ಣು, ಮೇಜು ಜಗ್ಗಲಿಲ್ಲ. ಬೀಗರು ಹತ್ತಿಯ ಮೂಟೆ ದೂಡಿದಂತೆ ಎದೆ ಕೊಟ್ಟು ದೂಡಿದರು. ಹಣ್ಣು ಪಚಕ್ಕೆಂದವು, ಮೇಜು ಮಾರುದ್ದ ಮುಂದೆ ಹೋಯಿತು, ಗೋಡೆಯಲ್ಲಿದ್ದ ಕರೆಂಟಿನ ಪಿನ್ನು ಕಿತ್ತುಬಂತು, ಪರದೆ ಕಪ್ಪಾಯಿತು.

ಸಾವ್ಕಾರರಿಗೆ ಅಳುವುದೊಂದೇ ಬಾಕಿ. ನಾನು ಪಿನ್ನಿನ ಕಡೆ ಬಾಗುವಷ್ಟರಲ್ಲಿ ಅಜ್ಜಿ ಗುಡುಗಿದರು: “ಬಂದ್ ಬಿತ್ತಲ್ರೋ! ನೋಡ್ತ ಏನ್ ನಿಂತೀರಿ, ದೂಡ್ರಿ!”

ಬ್ಯಾಟರಿ ಇಳಿದ ಟ್ರ್ಯಾಕ್ಟರನ್ನು ವರ್ಷವೆಲ್ಲ ದೂಡಿಯೇ ಚಾಲೂ ಮಾಡುವ ಜನ. ಹಮಾಲರು ಓಡಿ ಬಂದರು. ಒಂದು ಕಡೆ ಸಾವ್ಕಾರರು, ಇನ್ನೊಂದು ಕಡೆ ಬೀಗರು, ಮಾನಿಟರನ್ನು ಅಪ್ಪಿಕೊಂಡು ಪಕ್ಕದಲ್ಲಿ ನಾನು. ವರಾಂಡದ ಆ ತುದಿಗೆ ಹೋಗಿ ತಿರುಗಿದೆವು. ಡಬ್ಬಿಯೊಳಗೆ ಹಳೆಯ ಡಿಸ್ಕು ಗಲಗಲ ಎನ್ನುತ್ತಿತ್ತು.

“ಕೇಳ್ರಿ ಬೀಗರ,” ಏದುಸಿರಿನಲ್ಲೂ ಸಾವ್ಕಾರರು ಹೇಳಿದರು, “ತುಂಬಿದ ಮಾಲು!”

ಮೊದಲಿನ ಗೋಡೆ ಸಿಕ್ಕ ಕೂಡಲೇ ಪಿನ್ನು ಚುಚ್ಚಿ ಗುಂಡಿ ಒತ್ತಿದೆ. ಗುರ್ ಎಂದು ಚಾಲೂ ಆಯಿತು. ಹಮಾಲರು ಚಪ್ಪಾಳೆ ಹೊಡೆದರು. “ದೂಡಿದ್ರ ಚಾಲೂ ಆಗದ ಗಾಡಿ ಎಲ್ಲೈತಿ?” ಎಂದು ಅಜ್ಜಿ ಒಳಗೆ ಹೋದರು.

ಬೀಗರು ಬೆವರು ಒರೆಸಿಕೊಳ್ಳುತ್ತ ಬಹಳ ಹೊತ್ತು ಗಾಲಿಗಳನ್ನೇ ನೋಡಿದರು. ಹೋಗುವಾಗ ನನ್ನನ್ನು ಕಂಬದ ಮರೆಗೆ ಕರೆದು ಪಿಸುಗುಟ್ಟಿದರು: “ತಮ್ಮಾ, ನಮ್ಮದು ಭಾಳ ದಿನದಿಂದ ಬಂದ್ ಬಿದ್ದೈತಿ. ಕಲ್ಲಿನ ಕಟ್ಟಿ ಮ್ಯಾಲ ಇಟ್ಟೀವಿ ನೋಡು, ದೂಡಾಕ ಬರಂಗಿಲ್ಲ. ನಮಗೂ ನಾಕು ಗಾಲಿ ಹಚ್ಚಿಕೊಡ್ತಿಯೇನು?”

ಕಂಬದ ಆಚೆ ಸಾವ್ಕಾರರು ನಿಂತಿದ್ದರು. ಬೀಗರು ಜೀಪು ಹತ್ತಿದ ಮೇಲೆ ಟವೆಲ್ಲಿನ ಗಂಟು ಬಿಚ್ಚಿ ಆರಾಮಾಗಿ ಮುಖ ಒರೆಸಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟರು.

“ಹಚ್ಚು ತಮ್ಮಾ, ಹಚ್ಚು. ಬೀಗರು ಕೇಳ್ಯಾರ, ಇಲ್ಲ ಅನಬ್ಯಾಡ. ಆದ್ರ ಸಣ್ಣ ಗಾಲಿ ಹಚ್ಚು. ಎತ್ತರ ಆಗಬಾರ್ದು.”