ಪಂಕ್ತಿಗೆ ಹಾಕಿದ ಕತ್ತರಿ

ಮಗಳು ಪ್ರಿಯದರ್ಶಿನಿಯ ಮದುವೆ ವಿಡಿಯೋವನ್ನು ನಾನೇ ಎಡಿಟ್ ಮಾಡುತ್ತೇನೆಂದು ಘೋಷಿಸಿದ ದಿನ ಭದ್ರಾವತಿಯ ಕಾಗದನಗರದಲ್ಲಿ ಭೂಮಿ ಒಮ್ಮೆ ಅದುರಿತು. ಕಾರ್ಖಾನೆಯಲ್ಲಿ ಏನೋ ಸಿಡಿಯಿತೆಂದು ಕ್ವಾರ್ಟರ್ಸಿನ ಜನ ಹೊರಗೆ ಓಡಿಬಂದರು. ಸಿಡಿದದ್ದು ನನ್ನ ಹೆಂಡತಿ ಉಮಾಮಹೇಶ್ವರಿಯ ನಗು!

"ರಿಪೇರಿ ಮಾಡ್ತೀನಿ ಅಂತ ಟೇಪ್ ರೆಕಾರ್ಡರ್ ಬಿಚ್ಚಿದ್ರಲ್ಲ, ಅದರ ಸ್ಪ್ರಿಂಗು ಇನ್ನೂ ಅಟ್ಟದ ಮೇಲಿದೆ ಕಣ್ರೀ!"

"ಇದಕ್ಕೆ ಸ್ಪ್ರಿಂಗೇ ಇಲ್ಲ ಮಾರಾಯ್ತಿ! ಇದು ಸಾಫ್ಟ್‌ವೇರು!"

ಕಾಲ ಎಷ್ಟು ಮುಂದೆ ಬಂದಿತ್ತು ನೋಡಿ! ಮೊದಲೆಲ್ಲ ಎರಡು ವಿಸಿಆರ್‌ಗಳನ್ನು ವೈರಿನಲ್ಲಿ ಗಂಟುಹಾಕಿ, ಒಂದರಲ್ಲಿ ಪ್ಲೇ, ಇನ್ನೊಂದರಲ್ಲಿ ರೆಕಾರ್ಡ್ ಒತ್ತುವವನೇ ಎಡಿಟರ್. ಆಮೇಲೆ ಮನೆಮನೆಗೆ ಕಂಪ್ಯೂಟರ್ ಬಂತು. ಆದರೆ ಅದರ ಹೊಟ್ಟೆ ಎಷ್ಟು ಸಣ್ಣದೆಂದರೆ, ವಧು ಮಂಟಪಕ್ಕೆ ಬರುವಷ್ಟರಲ್ಲಿ ಜಾಗ ಮುಗಿದು ವರ ಹೊರಗೇ ಉಳಿಯುತ್ತಿದ್ದ! ಈಗ 2003ರಲ್ಲಿ ನಮ್ಮ ಮನೆಗೆ ಬಂದ ಹೊಸ ಕಂಪ್ಯೂಟರಿನೊಳಗೆ 'ಮೂವಿ ಮೇಕರ್' ಎಂಬುದು ಪುಕ್ಕಟೆಯಾಗಿ ಕೂತಿತ್ತು. ಪುಕ್ಕಟೆ ಸಿಕ್ಕಿದ ವಿದ್ಯೆಯನ್ನು ಬಿಡುವ ವಂಶ ನಮ್ಮದಲ್ಲ.

ಅವಸರಕ್ಕೂ ಕಾರಣವಿತ್ತು. ಹೊಳೆಹೊನ್ನೂರಿನ ನಮ್ಮ ಅತ್ತೆ ಮಹಾಂತಮ್ಮನವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು, ಮುದ್ದಿನ ಮೊಮ್ಮಗಳ ಮದುವೆಗೇ ಬರಲಾಗಿರಲಿಲ್ಲ. ಅವರು ಮಾಡಿದ ಸಂಡಿಗೆ ಡಬ್ಬಗಳಷ್ಟೇ ಬಂದಿದ್ದವು. "ವಿಡಿಯೋದಲ್ಲಾದ್ರೂ ತೋರಿಸಿ ಅಳಿಯಂದ್ರೇ" ಎಂದು ದಿನವೂ ಫೋನು. ಶಿವಮೊಗ್ಗದ ಸ್ಟುಡಿಯೋದವನು ಮಿಕ್ಸಿಂಗ್‌ಗೆ ಮೂರು ತಿಂಗಳು ಬೇಕೆಂದ. ಅತ್ತೆಯ ಮೂಳೆಯೇ ಅದಕ್ಕಿಂತ ಬೇಗ ಕೂಡುತ್ತದೆ! ಅವನಿಂದ ಕ್ಯಾಸೆಟ್ಟು ತಂದು, ಅದರಲ್ಲಿದ್ದುದನ್ನೆಲ್ಲ ಹಾಗೆಯೇ ಕಂಪ್ಯೂಟರಿಗೆ ತುಂಬಿಸಿಕೊಂಡೆ.

ಹದಿನೈದು ದಿನ ತಪಸ್ಸು. ಮೂರು ಗಂಟೆಯ ಮದುವೆ ಹದಿನೆಂಟು ನಿಮಿಷಕ್ಕೆ ಇಳಿಯಿತು. ಒಂದು ದೃಶ್ಯ ಹಾಳೆಯಂತೆ ಮಗುಚಿಕೊಂಡರೆ, ಇನ್ನೊಂದು ನಕ್ಷತ್ರದಂತೆ ಒಡೆಯುತ್ತಿತ್ತು. ಮಾಂಗಲ್ಯಧಾರಣೆಗಂತೂ ಹಳೇ ಸಿನಿಮಾದ ಎಫೆಕ್ಟ್! ಕಪ್ಪು ಬಿಳುಪು, ಮೇಲೆ ಸಾವಿರ ಗೀರು.

ಉಮಾ ಇಣುಕಿದಳು. "ರೀ, ಪಂಕ್ತಿ ಎಲ್ಲಿ? ಊಟದ್ದೇ ಒಂದೂವರೆ ಗಂಟೆ ಇತ್ತಲ್ಲ?"

"ಜನ ಅಗಿಯೋದನ್ನ ಯಾರು ನೋಡ್ತಾರೆ? ಕಥೆಗೆ ಬೇಡದ್ದನ್ನ ಕತ್ತರಿಸೋದೇ ಎಡಿಟಿಂಗು!"

"ಅದೂ ಸರಿ ಬಿಡಿ. ಪಾಪ, ನೋಡಿದ್ರೆ ನಿಮಗೂ ಆಸೆ ಆಗುತ್ತೆ. ಡಾಕ್ಟ್ರು ಎಣ್ಣೆ, ಸಿಹಿ ಬೇಡ ಅಂದ್ರು ಅಂತ ಮಗಳ ಮದುವೇಲೂ ಬರೀ ಮಜ್ಜಿಗೆ ಅನ್ನ ಉಂಡ್ರಿ."

ನಾನು ತ್ಯಾಗಮೂರ್ತಿಯಂತೆ ಕಣ್ಣು ಮುಚ್ಚಿದೆ.

ಭಾನುವಾರ ಬೆಳಿಗ್ಗೆ ಸಿಡಿ ಹಿಡಿದು ಹೊಳೆಹೊನ್ನೂರಿಗೆ ದಿಗ್ವಿಜಯ ಹೊರಟೆವು. ಅತ್ತೆ ಹೊಸ ಸೀರೆಯುಟ್ಟು, ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು ಟೀವಿ ಮುಂದೆ ಕೂತಿದ್ದರು. ಸುತ್ತ ಅರ್ಧ ಬೀದಿ. ಸಿಡಿ ಹಾಕಿದೆ. 'ನೋ ಡಿಸ್ಕ್' ಎಂದಿತು. ಒರೆಸಿ ಹಾಕಿದೆ. ವಿಭೂತಿ ಹಚ್ಚುವುದೊಂದು ಬಾಕಿ!

ಅತ್ತೆಯ ಮಗ ಮಲ್ಲೇಶ್ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವನು. "ಭಾವ, ಮೂವಿ ಅಂತ ಸೇವ್ ಮಾಡಿದ್ರಾ, ಪ್ರಾಜೆಕ್ಟ್ ಅಂತ ಮಾಡಿದ್ರಾ?"

"ಪ್ರಾಜೆಕ್ಟ್ ಅಂತ. ಆ ಹೆಸರು ಸ್ವಲ್ಪ ಘನವಾಗಿತ್ತು."

"ಹಾಗಾದ್ರೆ ನೀವು ತಂದಿರೋದು ಅಡುಗೆಯ ಪಟ್ಟಿ ಭಾವ! ಅಡುಗೆ ನಿಮ್ಮನೆ ಕಂಪ್ಯೂಟರಲ್ಲೇ ಉಳ್ಕೊಂಡಿದೆ."

ಅತ್ತೆಯ ಮುಖ ಬಾಡಿತು. ನನ್ನ ಮರ್ಯಾದೆ ಭದ್ರಾ ಹೊಳೆಗೆ ಬಿತ್ತು. ಮಲ್ಲೇಶನೊಡನೆ ವ್ಯಾನು ಮಾಡಿಕೊಂಡು ಕಾಗದನಗರಕ್ಕೆ ಹೋಗಿ ಕಂಪ್ಯೂಟರನ್ನೇ ಎತ್ತಿಕೊಂಡು ಬಂದೆ. ಮಾನಿಟರು ಎಮ್ಮೆಕರುವಿನ ತೂಕ. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲೆ! ಕಾಲು ಮುರಿದವರ ಸಂಖ್ಯೆ ಎರಡಾಗುವುದೊಂದು ತಪ್ಪಿತು.

ಅಂತೂ ಸಿನಿಮಾ ಓಡಿತು. ಮಾಂಗಲ್ಯಧಾರಣೆ ಬಂದಾಗ ಅತ್ತೆ ಕನ್ನಡಕ ಒರೆಸಿಕೊಂಡರು.

"ಮದುವೆ ದಿನ ಅಷ್ಟೊಂದು ಮಳೇನಾ ಅಳಿಯಂದ್ರೇ?"

"ಅದು ಮಳೆಯಲ್ಲ ಅತ್ತೆ, ಎಫೆಕ್ಟು!"

ಹದಿನೆಂಟು ನಿಮಿಷ ಮುಗಿಯಿತು. ಅತ್ತೆ ಮಾತ್ರ ಪರದೆಯನ್ನೇ ನೋಡುತ್ತಿದ್ದರು.

"ಪಂಕ್ತಿ ಇನ್ನು ಬರುತ್ತಾ?"

ಅದನ್ನು ಕತ್ತರಿಸಿದೆನೆಂದು ತಲೆ ಕೆರೆದುಕೊಂಡು ಒಪ್ಪಿಕೊಂಡೆ. ಅವರ ದನಿ ಸಣ್ಣದಾಯಿತು. "ಮಂಚದ ಮೇಲೆ ಕೂತೇ ಅಷ್ಟೂ ಸಂಡಿಗೆ ಇಟ್ಟಿದ್ದೆ. ಮಲ್ಲೇಶ ಮಣೆಮಣೆ ಹೊತ್ತು ಬಿಸಿಲಿಗೆ ಹಾಕಿದ. ಯಾರ್ಯಾರು ತಿಂದ್ರು, ಇನ್ನೊಂದು ಬೇಕು ಅಂದ್ರಾ ಇಲ್ವಾ... ಅದೊಂದು ನೋಡ್ಬೇಕಿತ್ತು."

ನನಗೆ ನಿಜಕ್ಕೂ ಕೆಟ್ಟದೆನಿಸಿತು. ಅಷ್ಟರಲ್ಲಿ ಮಲ್ಲೇಶ್ ಬಾಯಿ ಹಾಕಿದ. "ಅಳಬೇಡಮ್ಮ. ಭಾವ ಕತ್ತರಿಸಿದ್ದು ಎಲ್ಲೂ ಹೋಗಿರಲ್ಲ. ಮೂಲದ್ದು ಒಳಗೇ ಇರುತ್ತೆ."

ನಾನು ಮೌಸಿಗೆ ಕೈ ಅಡ್ಡ ಹಿಡಿದೆ. "ಬೇಡ ಮಲ್ಲೇಶ, ಮಿಷನ್ ಬಿಸಿಯಾಗಿದೆ! ಕರೆಂಟು ಬೇರೆ ಹೋಗೋ ಹೊತ್ತು!"

ಕರೆಂಟು ಹೋಗಲಿಲ್ಲ. ಕೈಕೊಡಬೇಕಾದಾಗ ಕೈಕೊಡದ ಕರೆಂಟಿಗೆ ಏನೆನ್ನಬೇಕು?

ಪಂಕ್ತಿ ಶುರುವಾಯಿತು. ಅತ್ತೆಯ ಮುಖ ಎಣ್ಣೆಗೆ ಬಿದ್ದ ಸಂಡಿಗೆಯಂತೆ ಅರಳಿತು. "ನೋಡು, ಗಂಗಾಧರಪ್ಪ ಎರಡು ಹಾಕಿಸ್ಕೊಂಡ! ಬೀಗಿತ್ತಿ ಮೊದಲು ಸಂಡಿಗೇನೇ ಮುರಿದ್ಲು!" ಕ್ಯಾಮೆರಾ ಹಾಗೇ ಸಾಗಿ ಸಾಗಿ, ಕೊನೆಯ ಸಾಲಿನ ಕಂಬದ ಮರೆಗೆ ಬಂತು. ಅಲ್ಲೊಬ್ಬ ಮಹಾಪುರುಷ. ಎಲೆಯ ಮೇಲೆ ತುಪ್ಪದಲ್ಲಿ ಈಜುವ ನಾಲ್ಕು ಹೋಳಿಗೆ, ಪಕ್ಕದಲ್ಲಿ ಸಂಡಿಗೆಯ ಗುಡ್ಡ. ಅವನ ಮುಖ ನನ್ನಂತೆಯೇ ಇತ್ತು.

"ಏಳು!" ಅತ್ತೆ ಚಪ್ಪಾಳೆ ತಟ್ಟಿದರು. "ನಮ್ಮ ಅಳಿಯಂದ್ರು ಏಳು ಸಂಡಿಗೆ ತಿಂದ್ರು! ನನ್ನ ಕಾಲುನೋವೇ ಹೋಯ್ತು ನೋಡಿ!"

ಉಮಾ ಮಾತ್ರ ತಣ್ಣಗೆ ಹೇಳಿದಳು. "ಮಲ್ಲೇಶ, ಅಲ್ಲೇ ನಿಲ್ಸೋ."

ಬಾಯಿ ತೆರೆದು, ಎಂಟನೆಯದನ್ನು ಎತ್ತಿ ಹಿಡಿದ ಭಂಗಿಯಲ್ಲಿ ನಾನು ಪರದೆಯ ಮೇಲೆ ಶಿಲೆಯಾದೆ. ಇಡೀ ಬೀದಿ ನನ್ನ ದರ್ಶನ ಪಡೆಯಿತು.

ಮಧ್ಯಾಹ್ನ ಊಟಕ್ಕೆ ಕೂತೆವು. ಎಲ್ಲರ ಎಲೆಗೂ ಹೋಳಿಗೆ ಬಿತ್ತು, ಸಂಡಿಗೆ ಬಿತ್ತು. ನನ್ನ ಎಲೆಯ ಮೇಲೆ ಮಜ್ಜಿಗೆ ಅನ್ನ.

"ಉಮಾ, ಮಿಕ್ಕಿದ್ದೆಲ್ಲ ಎಲ್ಲಿ?"

"ಕತ್ತರಿಸ್ದೆ ಕಣ್ರೀ. ಕಥೆಗೆ ಬೇಡ ಅನ್ನಿಸ್ತು!"